ಮಗ್ಗದೂರಿನಲ್ಲಿ ಒಪ್ಪಿಗೆ ಕೇಳುವ ಬಗೆ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನನ್ನ ಅತ್ತೆ ನೀಲವ್ವ. ಗುಟ್ಟಾಗಿ ಹೇಳಿದ್ದಲ್ಲ. ಬನಹಟ್ಟಿಯ ನಮ್ಮ ಓಣಿಯ ಕಟ್ಟೆಯ ಮೇಲೆ ಕುಳಿತು, ಎಡಬಲದ ಮಗ್ಗಗಳ ಸದ್ದನ್ನು ಮೀರಿಸುವ ದನಿಯಲ್ಲಿ ಹೇಳಿದರು.

"ಕೇಳಿದ್ರೇನ್ರೆವ್ವಾ, ನಮ್ಮ ಸೊಸಿ ರಿಟೈರ್ ಆಗೂ ವಯಸ್ಸಿನ್ಯಾಗ ಮತ್ತ ಸಾಲಿಗೆ ಹೊಂಟಾಳ. ಅದೂ ಫಾರಿನ್ ಸಾಲಿ! ಮಾಸ್ತರ ಇಂಗ್ಲೀಷಿನ್ಯಾಗ ಏನರ ಅಂದ್ರ, ಬೈದಾನೋ ಹೊಗಳ್ಯಾನೋ ಈಕಿಗೆ ತಿಳಿಯೂದಿಲ್ಲ. ಈಕಿ ಪಾಸಾಗೂದೂ ಒಂದ, ಕೋಣ ಈಯೂದೂ ಒಂದ."

ಕಟ್ಟೆಯ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ, ಅವರ ಮಾತಿನಲ್ಲಿ ಅರ್ಧ ಖರೆಯೇ ಇತ್ತು. ಆದರೆ ಅದೇ ಗಳಿಗೆಯಲ್ಲಿ ಒಳಗೊಂದು ಹಟ ಹುಟ್ಟಿತು. ಕೋಣ ಈದರೂ ಸರಿ, ಬಿಟ್ಟರೂ ಸರಿ, ನಾನು ಪಾಸಾಗಲೇಬೇಕು.

ನಾನು ಮಹಾದೇವಿ. ಬೀಳಗಿ, ಮುಧೋಳ, ಜಮಖಂಡಿ, ನಡುನಡುವೆ ನಮ್ಮ ರಬಕವಿ-ಬನಹಟ್ಟಿ, ಹೀಗೆ ಈ ಊರುಗಳ ಸುತ್ತಲೇ ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು. ಯಾವ ಆಸ್ಪತ್ರೆ, ಯಾವ ಡಾಕ್ಟರು ಎಂದು ಕೇಳಬೇಡಿ, ಹೇಳುವುದಿಲ್ಲ. ಗುಟ್ಟು ಕಾಯುವುದು ಹೇಗೆ ಎಂದೇ ನಾನು ಎಂ.ಎ. ಓದಿರುವುದು. ರೋಗಿಗಳ ಹೆಸರುಗಳನ್ನೂ ಬದಲಿಸಿದ್ದೇನೆ.

ನಮ್ಮಪ್ಪ ನೇಕಾರ. ಅವ್ವ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಮುತ್ತಜ್ಜನ ತನಕ ಹಿಂದೆ ಹೋದರೂ ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ಕಂಡವರಿಲ್ಲ. ಕಂಡಿದ್ದರೆ ಅಲ್ಲಿ ಸೀರೆ ಮಾರಲು ಹೋದಾಗ ಕಂಡಿರಬೇಕು. ನರ್ಸಿಂಗ್ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ, ಡ್ಯೂಟಿ ಮಾಡುತ್ತ, ಮಕ್ಕಳನ್ನು ಹೆರುತ್ತ, ಅಂಚೆಯಲ್ಲಿ ಬರುವ ಪಾಠ ಓದಿ ಬಿ.ಎ. ಮುಗಿಸಿದೆ. ಇಂಗ್ಲಿಷ್ ಪೇಪರು ನನ್ನನ್ನು ಪಾಸು ಮಾಡಲೊಲ್ಲದು, ನಾನು ಅದನ್ನು ಕಟ್ಟುವುದು ಬಿಡಲೊಲ್ಲೆ. ಕೊನೆಗೆ ಅದಕ್ಕೇ ಬೇಸರ ಬಂದು ನನ್ನನ್ನು ದಾಟಿಸಿತು ಅಂತ ಕಾಣುತ್ತದೆ. ನಮ್ಮ ವಂಶದ ಮೊದಲ ಪದವಿ ನನ್ನದು. ಇದನ್ನು ಸಂಕೋಚವಿಲ್ಲದೆ ಬರೆಯುತ್ತೇನೆ. ಸಂಕೋಚ ಪಡುವವರು ಇಂಗ್ಲಿಷ್ ಪೇಪರನ್ನು ಅಷ್ಟು ಸಲ ಕಟ್ಟುವುದಿಲ್ಲ.

ಈಗ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರು, ಹುಡುಗರು ಮನೆಗೆ ಬಂದು, "ಅಕ್ಕಾರ, ನೀವು ಓದಿದ್ದು ಏನರ ಅದು? ನಮಗೂ ಹೇಳ್ರಿ" ಎಂದು ಕೇಳುತ್ತಾರೆ. ಆರೋಗ್ಯ ಸೇವೆಯ ನೀತಿಶಾಸ್ತ್ರ ಎಂದರೆ ಬಾಯಿ ತುಂಬುತ್ತದೆಯೇ ಹೊರತು ತಲೆಗೆ ಏನೂ ಹೋಗುವುದಿಲ್ಲ. ಅದಕ್ಕೇ ಕೆಲಸದ ಕಥೆಗಳನ್ನೇ ಹೇಳುತ್ತೇನೆ. ಪಾಠ ತಾನಾಗಿ ಬರುತ್ತದೆ.

ಬೀಳಗಿ ಕಡೆಯ ಒಂದು ಆಸ್ಪತ್ರೆಯಲ್ಲಿ ನಾನಿನ್ನೂ ಹೊಸಬಳು. ಕಸ್ತೂರಿ ಎಂಬ ಹೆಣ್ಣುಮಗಳಿಗೆ ಗರ್ಭಕೋಶದ ಆಪರೇಶನ್ ಇತ್ತು. "ಒಪ್ಪಿಗೆ ಪತ್ರಕ್ಕ ಸಹಿ ತಗೊಂಡ್ ಬಾ" ಎಂದು ನನ್ನನ್ನು ಕಳಿಸಿದರು. ಹೊರಗೆ ಬಂದು "ಕಸ್ತೂರಿ ಕಡೆಯವರು ಯಾರ್ರಿ?" ಎಂದು ಕೂಗಿದೆ. ಅಷ್ಟೇ. ಬೇವಿನ ಗಿಡದ ಬುಡದಲ್ಲಿ ಕುಳಿತಿದ್ದವರೆಲ್ಲ ಎದ್ದು ಬಂದರು. ಗಂಡ, ಗಂಡನ ಅಣ್ಣ, ತವರಿನ ಕಾಕಾ, ಊರ ಹಿರಿಯ. ಪೆನ್ನು ಕೈಯಿಂದ ಕೈಗೆ ಹೋಯಿತು. ಒಬ್ಬರು ಸಹಿ ಮಾಡಿದರು, ಇನ್ನೊಬ್ಬರು ಹೆಬ್ಬೆಟ್ಟು ಒತ್ತಿದರು, ಮತ್ತೊಬ್ಬ ದುಂಡಗೆ, ಬಳ್ಳಿ ಬಿಟ್ಟಂತೆ ಚಂದದ ಸಹಿ ಹಾಕಿದ.

ಒಳಗೆ ಡಾಕ್ಟರು ಆ ಕಾಗದ ನೋಡಿ ಕನ್ನಡಕ ಮೇಲೆತ್ತಿದರು. "ಈ ಚಂದನ್ನ ಸಹಿ ಯಾರದು?"

ವಿಚಾರಿಸಲು ಮತ್ತೆ ಹೊರಗೆ ಹೋದೆ. ಆತ ನಮ್ರವಾಗಿ ಮುಂದೆ ಬಂದ. "ನಂದ್ರಿ. ನಾ ಇವರ ಪೈಕಿ ಅಲ್ರಿ, ನಮ್ಮ ಎಮ್ಮಿ ಗುದ್ದಿದ ತಮ್ಮನ್ನ ನೋಡಾಕ ಬಂದೇನಿ. ನಿನ್ನ ಸಹಿ ಛಲೋ ಬರತೈತಿ, ನೀನೂ ಒಂದ ಹಾಕಪಾ ಅಂದ್ರು. ಇಲ್ಲ ಅನ್ನಾಕ ಮನಸ ಬರ್ಲಿಲ್ಲ ನೋಡ್ರಿ."

ಇಡೀ ಆಸ್ಪತ್ರೆ ನಕ್ಕಿತು. ನಗು ಮುಗಿದ ಮೇಲೆ ನಾನು ಥಿಯೇಟರಿಗೆ ಹೋದೆ. ಟೇಬಲ್ಲಿನ ಮೇಲೆ ಮಲಗಿದ್ದ ಕಸ್ತೂರಿ ನನ್ನ ಸೆರಗು ಹಿಡಿದು, ಬಹಳ ಸಣ್ಣ ದನಿಯಲ್ಲಿ ಕೇಳಿದಳು: "ಅಕ್ಕಾರ, ನನ್ನ ಹೊಟ್ಟ್ಯಾಗಿಂದು ಏನ ತಗೀತಾರ್ರಿ?"

ಅಷ್ಟು ಜನ ಒಪ್ಪಿದ್ದರು. ಎಮ್ಮೆ ಗುದ್ದಿದವನ ಅಣ್ಣನೂ ಒಪ್ಪಿದ್ದ. ಆಕೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನಾನು ಡಾಕ್ಟರ ಬಳಿ ಹೋಗಿ, "ಸರ್, ಆಕಿಗೆ ಗೊತ್ತಿಲ್ರಿ" ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೈಗವಸು ಕಳಚಿಟ್ಟು, ಸ್ಟೂಲು ಎಳೆದುಕೊಂಡು ಅವಳ ತಲೆಯ ಬಳಿ ಕುಳಿತು ಎಲ್ಲ ಬಿಡಿಸಿ ಹೇಳಿದರು. ಕಸ್ತೂರಿ ಕೇಳಿಸಿಕೊಂಡು, "ಆತ್ರಿ, ಮಾಡ್ರಿ. ಇಷ್ಟ ಮದ್ಲ ಹೇಳಿದ್ರ ನಾ ನಿನ್ನೆಯಿಂದ ಅಂಜತಿರಲಿಲ್ಲ" ಎಂದಳು. ಮುಂದೆ ಫಾರಿನ್ ಮಾಸ್ತರು ಇಂಗ್ಲಿಷಿನಲ್ಲಿ ವಾರಗಟ್ಟಲೆ ಹೇಳಿಕೊಟ್ಟ ಪಾಠದ ಮೊದಲ ಸಾಲು ನನಗೆ ಸಿಕ್ಕಿದ್ದು ಆ ಟೇಬಲ್ಲಿನ ಪಕ್ಕದಲ್ಲಿ.

ಮುಧೋಳದ ಕಡೆ ಇದ್ದಾಗ ನನ್ನ ಮೇಲಿನ ಡಾಕ್ಟರು ಬೇರೆಯದೇ ಜಾತಿಯ ಮನುಷ್ಯ. ಕೈಗುಣ ಬಂಗಾರ, ಮನಸ್ಸು ಬೆಣ್ಣೆ. ಆದರೆ ರೋಗಿ ಏನೇ ಕೇಳಲಿ, ಅವರ ಬಾಯಲ್ಲಿ ಒಂದೇ ಉತ್ತರ: "ಏನೂ ಆಗಿಲ್ಲ." ರೋಗಿಗೆ ನಿಜ ಹೇಳಿದರೆ ಧೈರ್ಯ ಕುಂದುತ್ತದೆ ಎಂಬುದು ಅವರ ನಂಬಿಕೆ. ಒಮ್ಮೆ ಎತ್ತಿನ ಗಾಡಿಯಿಂದ ಬಿದ್ದ ರೈತನೊಬ್ಬನನ್ನು ಕರೆತಂದರು. ಡಾಕ್ಟರು ಅವನ ಭುಜ ತಟ್ಟಿ, "ಏನೂ ಆಗಿಲ್ಲ" ಎಂದರು.

ರೈತ ತನ್ನ ಮುಂಗೈಯನ್ನು ಎತ್ತಿ ತೋರಿಸಿದ. "ಏನೂ ಆಗಿಲ್ಲಂದ್ರ ಇದ್ಯಾಕ್ರಿ ಹಿಂಗ ಜೋತಾಡಾಕತ್ತೈತಿ?"

"ಅದಾ? ಅದು ಮುರದೈತಿ."

"ಹಂಗಾರ ಆಗೇತಲ್ರಿ!"

"ಆಗೇತಿ. ಆದ್ರ ಏನೂ ಆಗಿಲ್ಲ."

ಆ ರೈತ ಪಟ್ಟಿ ಹಾಕಿಸಿಕೊಂಡು ಹೋಗುವಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ನರ್ಸಬಾಯಿ, ನಿಮ್ಮ ಸಾಹೇಬ್ರು ಛಲೋ ಮನಶ್ಯಾ ಅದಾರ್ರಿ. ಅವರಿಗೇನರ ಆದ್ರ ನನಗ ಹೇಳಿ ಕಳಸ್ರಿ. ನಾ ಬಂದು ಏನೂ ಆಗಿಲ್ಲ ಅಂತ ಹೇಳಿ ಹೋಗ್ತೇನಿ" ಎಂದ. ಡಾಕ್ಟರಿಗೆ ಇದನ್ನು ಹೇಳಿದೆ. ನಗುತ್ತ ಕುರ್ಚಿಯಿಂದ ಜಾರಿದರು. ಅಂದಿನಿಂದ ಆ ಮಾತು ಕೊಂಚ ಕಡಿಮೆಯಾಯಿತು. ಹುಡುಗರೇ, ಮೇಲಿನವರನ್ನು ತಿದ್ದಬೇಕಾದರೆ ರೋಗಿಯ ಮಾತನ್ನೇ ಅವರ ಕಿವಿಗೆ ತಲುಪಿಸಿ. ನಿಮ್ಮ ಸ್ವಂತ ಮಾತು ಹೇಳಿದರೆ ವರ್ಗಾವಣೆ ಆಗುತ್ತದೆ.

ಇನ್ನು ನಮ್ಮ ರಬಕವಿ-ಬನಹಟ್ಟಿ. ಇಲ್ಲಿ ಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಹೇಳಬೇಕಾದ ಒಂದು ಸಂಗತಿ ಇದೆ. ಯಾರೂ ಹೇಳುವುದಿಲ್ಲ. ಪವರ್‌ಲೂಮಿನ ನಡುವೆ ಬದುಕು ಸವೆಸಿದವರ ಕಿವಿ ಮಂದ. ಆದರೆ ಮಗ್ಗದ ಸದ್ದಿನಲ್ಲಿ ಯಾರ ಮಾತೂ ಕೇಳಿಸುವುದಿಲ್ಲವಾದ್ದರಿಂದ ನಾವು ಚಿಕ್ಕಂದಿನಿಂದಲೇ ತುಟಿ ನೋಡಿ ಮಾತು ತಿಳಿಯುತ್ತೇವೆ. ಈ ಗೋಡೆಯ ಬಳಿ ಇರುವವಳು ದನಿ ತೆಗೆಯದೆ ಬರೀ ತುಟಿ ಆಡಿಸಿ, "ಅನ್ನಕ್ಕ ಇಟ್ಟೀಯೇನ?" ಎಂದರೆ, ಆ ಗೋಡೆಯ ಬಳಿ ಇರುವವಳು, "ಇನ್ನೂ ಇಲ್ಲ" ಎಂದು ತುಟಿಯಲ್ಲೇ ಉತ್ತರಿಸುತ್ತಾಳೆ. ನಮ್ಮಲ್ಲಿ ಅತ್ತೆ-ಸೊಸೆಯರ ಜಗಳಗಳು ಕೂಡ ಅರ್ಧ ಹೀಗೇ ನಡೆಯುತ್ತವೆ. ನಮಗೆ ಇದೊಂದು ವಿದ್ಯೆ ಎಂದೇ ಗೊತ್ತಿರಲಿಲ್ಲ. ಅದಕ್ಕೊಂದು ಹೆಸರೂ ಇರಲಿಲ್ಲ.

ಹೊರ ಊರಿನಿಂದ ಬಂದ ಎಳೆಯ ಡಾಕ್ಟರೊಬ್ಬರಿಗೆ ಇದು ಹೇಗೆ ಗೊತ್ತಿರಬೇಕು? ಮಲ್ಲಪ್ಪಜ್ಜ ಎಂಬ ಹಳೆಯ ನೇಕಾರರು ಹೊಟ್ಟೆನೋವೆಂದು ದಾಖಲಾಗಿದ್ದರು. ಡಾಕ್ಟರು ಅವರ ಮಗನನ್ನು ವಾರ್ಡಿನ ಆಚೆ ತುದಿಯ ಕಿಟಕಿಯ ಬಳಿ ಕರೆದೊಯ್ದು, ಪಿಸುಮಾತಿನಲ್ಲಿ, "ಹೊಟ್ಟೆಯಲ್ಲಿ ಗಡ್ಡೆ ಇದೆ. ಆಪರೇಶನ್ ಮಾಡಬೇಕು. ಅಜ್ಜನಿಗೆ ಹೇಳಬೇಡಿ, ಹೆದರುತ್ತಾರೆ. ಗ್ಯಾಸು ಅಂತ ಹೇಳೋಣ" ಎಂದರು. ನಾನು ಸಲೈನ್ ಬಾಟಲಿ ಬದಲಿಸುತ್ತಿದ್ದೆ. ತಿರುಗಿ ನೋಡಿದರೆ ಮಲ್ಲಪ್ಪಜ್ಜ ದಿಂಬಿಗೆ ಒರಗಿ, ಬಯಲಾಟ ನೋಡುವವರ ಹಾಗೆ ಡಾಕ್ಟರ ಬಾಯನ್ನೇ ನೋಡುತ್ತಿದ್ದಾರೆ.

ಡಾಕ್ಟರು ಹತ್ತಿರ ಬಂದು, ಜೋರಾಗಿ, "ಅಜ್ಜಾ, ಏನಿಲ್ಲ, ಬರೀ ಗ್ಯಾಸು!" ಎಂದರು.

"ಹೌದ್ರಿ?" ಎಂದರು ಅಜ್ಜ. "ಮತ್ತ ಆ ಗಡ್ಡಿ ಎಷ್ಟ ದೊಡ್ಡದೈತಿ ಅಂದ್ರಿ? ಆ ಮಾತಿಗೆ ನೀವು ಕಿಟಕಿ ಕಡೆ ಹೊಳ್ಳಿದ್ರಿ, ಅದೊಂದ ನನಗ ತಪ್ಪಿತು."

ಡಾಕ್ಟರ ಮುಖ ಬಿಳಿ ಪಂಜೆಯ ಹಾಗಾಯಿತು. ಮಗ ನೆಲ ನೋಡಿದ. ಅಜ್ಜನೇ ಸಮಾಧಾನ ಹೇಳಬೇಕಾಯಿತು: "ಅಂಜಬ್ಯಾಡ್ರಿ ಸಾಹೇಬ್ರ. ಇದ್ದದ್ದ ಹೇಳ್ರಿ, ನಾ ನಿಮಗ ಧೈರ್ಯಾ ಕೊಡ್ತೇನಿ." ಆಪರೇಶನ್ ಆಯಿತು, ಗಡ್ಡೆ ಕೆಟ್ಟದ್ದಲ್ಲ ಎಂದು ವರದಿ ಬಂತು. ಅಜ್ಜ ಮನೆಗೆ ಹೋಗುವಾಗ ಡಾಕ್ಟರಿಗೆ ಉಪದೇಶ ಮಾಡಿಯೇ ಹೋದರು: "ಗುಟ್ಟ ಹೇಳೂದಿತ್ತಂದ್ರ ಬಾಯಿಗೆ ಟಾವೆಲ್ ಹಿಡೀರಿ."

ಇದಕ್ಕೆ ಉಲ್ಟಾ ಕಥೆಯೂ ಉಂಟು. ಪಕ್ಕದ ಚಿಮ್ಮಡದಿಂದ ಬಂದು ನಮ್ಮೂರಲ್ಲಿ ಮಗ್ಗಕ್ಕೆ ಹೋಗುತ್ತಿದ್ದ ಒಬ್ಬಾತನಿಗೆ ಮೂಲವ್ಯಾಧಿ. ಕಿವಿ ಮಂದ ಎಂದು ಕೇಸ್ ಶೀಟಿನಲ್ಲಿ ಓದಿದ ಒಬ್ಬ ಜೂನಿಯರ್ ನರ್ಸ್, ಬಹಳ ಕಾಳಜಿಯಿಂದ, ಅವನ ಕಿವಿಯ ಬಳಿ ಬಾಯಿಟ್ಟು, "ರಕ್ತ ಬೀಳತೈತೇನ್ರಿ? ಕುಂದ್ರೂವಾಗ ನೋವಾಗತೈತೇನ್ರಿ?" ಎಂದು ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಉಳಿದ ಎಲ್ಲರಿಗೂ ಕೇಳಿಸಿತು. ಪಕ್ಕದ ಹಾಸಿಗೆಯವನು ಕನಿಕರಪಟ್ಟು ಅವನ ಪರವಾಗಿ ಉತ್ತರ ಕೊಟ್ಟ: "ಆಗತೈತ್ರಿ ಸಿಸ್ಟರ್, ಮುಂಜಾನಿಂದ ಮಗ್ಗಲಾಗೇ ಮಲಗ್ಯಾನ." ಪಕ್ಕದವನ ತುಟಿ ನೋಡಿದ ಆ ಮನುಷ್ಯ ಚಾದರ ಮುಖಕ್ಕೆ ಎಳೆದುಕೊಂಡವನು ಸಂಜೆಯ ತನಕ ತೆಗೆಯಲಿಲ್ಲ.

ಸಂಜೆ ನಾನು ಚಾದರವನ್ನು ಮೆಲ್ಲಗೆ ಸರಿಸಿ, ಎದುರಿಗೆ ನಿಂತು, ದನಿಯಿಲ್ಲದೆ ತುಟಿಯಲ್ಲಿ ಕೇಳಿದೆ: "ಅಣ್ಣಾ, ನಾನೂ ನೇಕಾರ ಮನಿ ಮಗಳ. ಈಗ ಹೇಳ್ರಿ." ಅವನ ಕಣ್ಣುಗಳು ಅರಳಿದವು. ಇಡೀ ವಾರ್ಡಿನ ನಡುವೆ, ಒಂದು ಶಬ್ದವಿಲ್ಲದೆ, ತನ್ನ ಕಷ್ಟವನ್ನೆಲ್ಲ ಹೇಳಿಕೊಂಡ. ಪಕ್ಕದವನು ಕತ್ತು ಉದ್ದ ಮಾಡಿದ್ದಷ್ಟೇ ಬಂತು. ಅವನು ಒಕ್ಕಲುತನದವನು, ತುಟಿ ಓದಲು ಬರುತ್ತಿರಲಿಲ್ಲ!

ಕೊರೊನಾ ಬಂದು ನಮ್ಮೆಲ್ಲರ ಬಾಯಿಗೆ ಮಾಸ್ಕ್ ಬಿದ್ದಾಗ, ಮಗ್ಗದ ಮುದುಕರು ತಬ್ಬಿಬ್ಬಾದರು. "ನೀವು ಬಾಯಿ ಕಟ್ಟಿಕೊಂಡ್ರಿ, ನನ್ನ ಕಿವಿ ಕಟ್ಟಿದಂಗಾತ್ರಿ" ಎಂದು ಒಬ್ಬಾಕೆ ಕೈಮುಗಿದಳು. ಹೊರಗಿನಿಂದ ಬಂದ ಸಿಬ್ಬಂದಿ, ಈ ಜನ ಹೇಳಿದ್ದು ಕೇಳುವುದಿಲ್ಲ, ಮೊಂಡರು ಎನ್ನುತ್ತಿದ್ದರು. ಮೊಂಡುತನವಲ್ಲ ಅದು. ನಾನು ಅದನ್ನೇ ಜಮಖಂಡಿಯಲ್ಲಿ ನನ್ನ ಜೊತೆಗಿದ್ದ ಎಳೆಯ ಡಾಕ್ಟರ್ ಶೈಲಜಾ ಅವರಿಗೆ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಚಹಾ ಆರಿಸಿಬಿಟ್ಟರು.

"ಮಹಾದೇವಿ ಸಿಸ್ಟರ್, ಇದನ್ನ ಯಾರಾದ್ರೂ ಬರ್ದಾರೇನ್ರಿ?"

"ಇದನ್ನೇನ ಬರೀತಾರ್ರಿ ಮೇಡಂ? ಇದು ಎಲ್ಲಾರಿಗೂ ಗೊತ್ತಿದ್ದದ್ದ."

"ನಿಮಗ ಗೊತ್ತು. ಜಗತ್ತಿಗಿ ಗೊತ್ತಿಲ್ಲ" ಎಂದು ಫೋನು ತೆಗೆದು ತೋರಿಸಿದರು. ಪರದೇಶದ ಒಂದು ವಿಶ್ವವಿದ್ಯಾಲಯ ಮನೆಯಲ್ಲೇ ಕುಳಿತು ಓದುವ, ಆರೋಗ್ಯ ಸೇವೆಯ ನೀತಿಶಾಸ್ತ್ರದ ಎಂ.ಎ. ನಡೆಸುತ್ತಿತ್ತು. ಯಾವ ವಿಷಯದ್ದಾದರೂ ಒಂದು ಪದವಿ ಇರಬೇಕು, ಆಸ್ಪತ್ರೆಯ ಅನುಭವ ಇರಬೇಕು. ನಮ್ಮಂಥ ನರ್ಸುಗಳಿಗೆ ಶುಲ್ಕ ಮಾಫಿ. ವಯಸ್ಸಿನ ಮಿತಿ ಇಲ್ಲ. ಹಟ ಹಿಡಿದು ಪಡೆದ ನನ್ನ ಬಿ.ಎ. ಕೊನೆಗೂ ಒಂದು ಕೆಲಸಕ್ಕೆ ಬಂತು. ಸೀಟು ಸಿಕ್ಕ ದಿನವೇ ಅತ್ತೆಯ ಬಾಯಲ್ಲಿ ಕೋಣ ಈದದ್ದು.

ತರಗತಿಗಳು ಸಂಜೆ. ಲ್ಯಾಪ್‌ಟಾಪ್ ಮಗನದು, ಕುರ್ಚಿ ಗಂಡನದು, ಇಂಗ್ಲಿಷ್ ದೇವರದು. ಮೊದಲ ದಿನ ನನ್ನ ಪರಿಚಯ ಹೇಳಲು ಬಾಯಿ ತೆರೆದೆನೋ ಇಲ್ಲವೋ, ಪಕ್ಕದ ಮನೆಯ ಮಗ್ಗಗಳು ಒಮ್ಮೆಲೇ ಎದ್ದವು. ಪರದೆಯ ಮೇಲಿನ ಮುಖಗಳೆಲ್ಲ ಬೆಚ್ಚಿದವು. ಮಾಸ್ತರು, "ನೀವು ಕಾರ್ಖಾನೆಯಲ್ಲಿದ್ದೀರಾ?" ಎಂದರು. "ಇಲ್ಲ ಸರ್, ಅಡುಗೆಮನೆಯಲ್ಲಿ" ಎಂದೆ. ಅಲ್ಲಿಂದ ನಾನು ಇಡೀ ತರಗತಿಗೆ ಪರಿಚಿತಳಾದೆ.

ಮಾಸ್ತರು ಒಂದು ದಿನ, ರೋಗಿ ಸ್ವತಂತ್ರ ವ್ಯಕ್ತಿ, ತನ್ನ ಬಗ್ಗೆ ತಾನೊಬ್ಬನೇ ನಿರ್ಧರಿಸುತ್ತಾನೆ ಎಂದು ಪಾಠ ಮಾಡುತ್ತಿದ್ದರು. ನಾನು ಕೈ ಎತ್ತಿದೆ. ನನ್ನ ಮುರುಕು ಇಂಗ್ಲಿಷಿನಲ್ಲಿ, "ಸರ್, ನಮ್ಮಲ್ಲಿ ರೋಗಿ ಒಬ್ಬನೇ ಬರುವುದೇ ಇಲ್ಲ. ಒಬ್ಬನೇ ಬಂದರೆ ಮೊದಲು ಪೊಲೀಸರಿಗೆ ತಿಳಿಸುತ್ತೇವೆ" ಎಂದೆ. ಕೀನ್ಯಾದ ನರ್ಸ್ ಮೇರಿ ಮೇಜು ಬಡಿದು ನಕ್ಕು, "ನಮ್ಮಲ್ಲೂ! ನಮ್ಮಲ್ಲಿ ಕುರಿಯೂ ಜೊತೆಗೆ ಬರುತ್ತದೆ" ಎಂದಳು. ಆಮೇಲೆ ನಾನು ಚಂದದ ಸಹಿಯವನ ಕಥೆ ಹೇಳಿದೆ, ಕಸ್ತೂರಿ ಕೇಳಿದ ಪ್ರಶ್ನೆಯನ್ನೂ ಹೇಳಿದೆ. ನಗು ನಿಂತಿತು. ಮಂದಿ ಜೊತೆಗೆ ಇರಲಿ, ಆದರೆ ಪ್ರಶ್ನೆ ಮಾತ್ರ ಹಾಸಿಗೆಯ ಮೇಲಿದ್ದವರಿಗೆ ಹೋಗಲಿ ಎಂದು ನಾನು ಹೇಳಿದ್ದನ್ನು ಮಾಸ್ತರು ಬರೆದುಕೊಂಡರು. ಮಾಸ್ತರು ಬರೆದುಕೊಂಡರು ಎಂದು ಆ ವಾರವೆಲ್ಲ ಓಣಿಗೆ ಹೇಳುತ್ತ ತಿರುಗಿದೆ.

ಅತ್ತೆ ಮೊದಮೊದಲು ದೂರವಿದ್ದರು. ಆಮೇಲೆ ಬಾಗಿಲಲ್ಲಿ ಕುಳಿತು ತರಗತಿ ನೋಡತೊಡಗಿದರು. ಇಂಗ್ಲಿಷ್ ಬಾರದಿದ್ದರೂ ತುಟಿ ನೋಡುವುದು ಬಿಡಬೇಕಲ್ಲ. ಒಂದು ಸಂಜೆ ತೀರ್ಪು ಕೊಟ್ಟರು: "ನಿಮ್ಮ ಮಾಸ್ತರಗ ಮ್ಯಾಲಿನ ಹಲ್ಲು ಕಟ್ಟಿಸ್ಯಾರ ಬೇ. ಮಾತಾಡೂಮುಂದ ನಾಲಗಿಲೆ ಹಿಡಕೋತಾನ ನೋಡು. ಪಾಪ, ಚಕ್ಕುಲಿ ತಿನ್ನಂಗಿಲ್ಲ ಅಂವ."

ಕೊನೆಯ ಪ್ರಬಂಧಕ್ಕೆ ನಾನು ನಮ್ಮ ಊರಿನ ವಿದ್ಯೆಯನ್ನೇ ಆರಿಸಿಕೊಂಡೆ. ಅದಕ್ಕೆ ತುಟಿಮಾತು ಎಂದು ನಾನೇ ಹೆಸರಿಟ್ಟೆ. ಕಿವಿ ಮಂದವಾದ ರೋಗಿಗೆ ಕೂಗಿ ಹೇಳಿದರೆ ಗುಟ್ಟು ಹೋಗುತ್ತದೆ, ಪಿಸುಗುಟ್ಟಿದರೆ ಅವನಿಗೆ ತಿಳಿಯುವುದಿಲ್ಲ. ಮಗ್ಗದ ಊರುಗಳಲ್ಲಿ ಮೂರನೆಯ ದಾರಿ ಮೊದಲಿನಿಂದಲೂ ಇದೆ. ಬರೆಯುತ್ತ ಬರೆಯುತ್ತ ನಿವೃತ್ತಿಯೂ ಆಯಿತು. ಉಳಿದದ್ದು ಮೌಖಿಕ ಪರೀಕ್ಷೆ. ಅದರಲ್ಲಿ ನಾನು ತುಟಿಮಾತನ್ನು ಪರೀಕ್ಷಕರ ಕಣ್ಣೆದುರೇ ಮಾಡಿ ತೋರಿಸಬೇಕಿತ್ತು. ಎದುರಿಗೆ ನಿಂತು ತುಟಿ ಓದುವವರು ಯಾರು? ನನಗಿಂತ ಚೆನ್ನಾಗಿ ತುಟಿ ಓದುವವರು ಓಣಿಯಲ್ಲಿ ಒಬ್ಬರೇ. ಅತ್ತೆಯನ್ನು ಕೇಳಿದೆ. "ಆತು, ಬರ್ತೇನಿ" ಎಂದರು. ಹೇಗೂ ಪಾಸಾಗುವುದಿಲ್ಲ, ನೋಡಿಯಾದರೂ ನಗೋಣ ಎಂಬ ಭಾವ ಅವರ ಮುಖದ ಮೇಲಿತ್ತು.

ಪರೀಕ್ಷೆ ಮಧ್ಯಾಹ್ನ. ನಮ್ಮ ಮನೆಯವರು, ನನ್ನ ಮೇಲಿನ ಪ್ರೀತಿಯಿಂದ, ಓಣಿಯಲ್ಲೆಲ್ಲ ತಿರುಗಿ, "ಸ್ವಲ್ಪ ಹೊತ್ತು ಮಗ್ಗ ಬಂದ್ ಮಾಡ್ರೆಪಾ, ಈಕಿ ಪರೀಕ್ಷೆ ಐತಿ" ಎಂದು ಕೇಳಿಕೊಂಡರು. ಓಣಿಯವರೂ ದೊಡ್ಡ ಮನಸ್ಸಿನಿಂದ ನಿಲ್ಲಿಸಿದರು. ಆದರೆ ಅವರು ಒಂದು ಮರೆತರು. ಕರೆಂಟು ಹೋದರೆ ಊರೆಲ್ಲ ನಿಲ್ಲುತ್ತದೆ. ಒಂದೇ ಓಣಿಯ ಮಗ್ಗ ಮಟಮಟ ಮಧ್ಯಾಹ್ನ ನಿಂತಿತೆಂದರೆ, ನಮ್ಮಲ್ಲಿ ಅದಕ್ಕೆ ಅರ್ಥ ಒಂದೇ. ಆ ಓಣಿಯಲ್ಲಿ ಯಾರೋ ತೀರಿಕೊಂಡಿದ್ದಾರೆ.

ಮೂವರು ಪರೀಕ್ಷಕರು ಪರದೆಯ ಮೇಲೆ ಬಂದು ಕುಳಿತರು. ನಾನು ಕೈಮುಗಿದು ಪ್ರಬಂಧದ ಸಾರ ಹೇಳಲು ಶುರುಮಾಡಿದೆ. ಅಷ್ಟರಲ್ಲಿ ಹೊರಗೆ ಗದ್ದಲ. ಪಕ್ಕದ ಓಣಿಯವರು, ಹಿಂದಿನ ಓಣಿಯವರು ಸೆರಗು ಬಾಯಿಗಿಟ್ಟುಕೊಂಡು ಬರುತ್ತಿದ್ದಾರೆ. ಓಣಿಯಲ್ಲಿ ಎಲ್ಲರಿಗಿಂತ ಹಿರಿಯರು ನಮ್ಮ ಅತ್ತೆ. ಸಹಜವಾಗಿ ಎಲ್ಲರೂ ನಮ್ಮ ಮನೆಗೇ ಬಂದರು. ಒಬ್ಬಾಕೆ ಬಾಗಿಲಲ್ಲಿ ಆಗಲೇ ರಾಗ ತೆಗೆದಿದ್ದಳು: "ಅಯ್ಯೋ ನಮ್ಮ ನೀಲಕ್ಕಾ, ಎಂಥಾ ಕೈಗುಣದಾಕಿ ಇದ್ದೆವ್ವಾ..."

"ಇನ್ನೂ ಅದೇನಿ!" ಅತ್ತೆ ಹೊಸ್ತಿಲಲ್ಲಿ ಎದ್ದು ನಿಂತರು. "ಸತ್ತಿಲ್ಲ ಬೇ, ಸೊಸಿಗೆ ಪರೀಕ್ಷೆ ಐತಿ! ಬಾಯಿ ಮುಚಗೊಂಡು ಕುಂದ್ರ್ರಿ!"

ಬಂದವರು ಹೋಗಬೇಕಲ್ಲ? ಹೋಗಲಿಲ್ಲ. ಸತ್ತವರು ಬೈಯುವುದನ್ನು ಬಿಟ್ಟು ಯಾರು ಹೋಗುತ್ತಾರೆ? ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತು ಪರೀಕ್ಷೆ ನೋಡತೊಡಗಿದರು.

ಪರೀಕ್ಷಕರಲ್ಲಿ ಹಿರಿಯಳಾದ ಬೆಳ್ಳಿಗೂದಲಿನ ಹೆಂಗಸು, "ಈಗ ತೋರಿಸಿ" ಎಂದಳು. ಅತ್ತೆ ಕ್ಯಾಮೆರಾ ಕಾಣದ ಬಾಗಿಲ ಬಳಿ ಇದ್ದರು. ಒಪ್ಪಿಗೆಯ ಬಗ್ಗೆ ಇಷ್ಟುದ್ದ ಬರೆದವಳು, ಕೇಳದೆ ಕ್ಯಾಮೆರಾ ತಿರುಗಿಸಲೆ? ದನಿ ತೆಗೆಯದೆ ತುಟಿಯಲ್ಲಿ ಕೇಳಿದೆ: "ಅತ್ತಿ, ನಿಮ್ಮ ಕಡೆ ತಿರುವ್ಲೇನ್ರಿ?"

ಅತ್ತೆಯ ತುಟಿ ಆಡಿತು: "ಬ್ಯಾಡ."

"ಯಾಕ್ರಿ? ಆತು ಅಂದಿದ್ರಲ್ರಿ!"

"ಅವಾಗ ನಾ ಸತ್ತಿದ್ದಿಲ್ಲ. ಸತ್ತಾಳ ಅಂತ ಸುದ್ದಿ ಹಬ್ಬಿದ ದಿನ ಫೋಟೋ ತಗೀತಾರೇನ? ನಾಳೆ ಅದಕ್ಕ ಹಾರ ಹಾಕ್ತಾರ!"

ಇತ್ತ ಪರದೆಯ ಮೇಲೆ ಮೂವರೂ ಕಿವಿಗೆ ಕೈಯಿಟ್ಟು, "ಮಹಾದೇವಿ, ನಿಮ್ಮ ಧ್ವನಿ ಬರುತ್ತಿಲ್ಲ, ಮೈಕ್ ಬಂದಾಗಿದೆ" ಎಂದು ಸನ್ನೆ ಮಾಡುತ್ತಿದ್ದಾರೆ. ಎರಡು ವರ್ಷದ ಓದು, ಮೂವತ್ತು ವರ್ಷಕ್ಕೂ ಮಿಕ್ಕಿದ ನೌಕರಿ, ಎಲ್ಲ ಈ ಒಂದು ಗಳಿಗೆಗೆ ಬಂದು ನಿಂತಿತ್ತು. ಲ್ಯಾಪ್‌ಟಾಪ್ ಅನ್ನು ಒಂದು ಗೇಣು ತಿರುಗಿಸಿದ್ದರೆ ಸಾಕಿತ್ತು. ಆಮೇಲೆ ಅತ್ತೆಯ ಕಾಲು ಹಿಡಿದರೆ ಆಗುತ್ತಿತ್ತು. ಆದರೆ ತಿರುಗಿಸಲಿಲ್ಲ.

"ಮೈಕ್ ಸರಿಯಿದೆ, ಮೇಡಂ" ಎಂದೆ. "ನಾನು ದನಿಯಿಲ್ಲದೆ ಅತ್ತೆಯನ್ನು ಒಪ್ಪಿಗೆ ಕೇಳಿದೆ. ಅವರು ಬೇಡ ಎಂದರು. ಆದ್ದರಿಂದ ತೋರಿಸಲು ಆಗುವುದಿಲ್ಲ."

ಬೆಳ್ಳಿಗೂದಲಿನವಳು, "ಇನ್ನೊಮ್ಮೆ ಕೇಳಿ ನೋಡಬಹುದಲ್ಲ?" ಎಂದಳು.

"ಕಾರಣವನ್ನೂ ಕೇಳಿದೆ ಮೇಡಂ, ಹೇಳಿದರು. ಅದರ ಮೇಲೂ ಕೇಳಿದರೆ ಅದು ಕೇಳಿದಂತಲ್ಲ, ಕಾಡಿದಂತೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಮುಖ ಸಣ್ಣದಾದದ್ದನ್ನು ಅತ್ತೆ ನೋಡಿರಬೇಕು. ಜೋರಾಗಿ ಕೇಳಿದರು: "ಏನಂತಾರ ಬೇ ಅವರು?"

"ನೀವು ಬ್ಯಾಡ ಅಂದ್ರಲ್ರಿ. ತೋರ್ಸಾಕ ಆಗೂದಿಲ್ಲಂತ ಹೇಳಿದ್ನಿ."

"ಫೋಟೋ ಬ್ಯಾಡ ಅಂದೇನಿ. ಮಾತ ಬ್ಯಾಡ ಅಂದೇನೇನ? ಕೇಳಂತ ಹೇಳು ಅವರಿಗೆ!"

ನಾನು ಅದನ್ನು ಹಾಗೇ ಇಂಗ್ಲಿಷಿಗೆ ತಿರುಗಿಸಿದೆ. ಬೆಳ್ಳಿಗೂದಲಿನವಳ ಮುಖ ಅರಳಿತು. ನನಗೆ ಮಾತ್ರ ಕಾಣುವಂತೆ ಪರದೆಯ ಮೇಲೆ ಒಂದು ವಾಕ್ಯ ಬರೆದು, ಇದನ್ನು ನಿಮ್ಮ ಅತ್ತೆಗೆ ದನಿಯಿಲ್ಲದೆ ಹೇ‌ಳಿ ಎಂದಳು. ನಾನು ಓದಿಕೊಂಡು, ಕನ್ನಡ ಮಾಡಿ, ಬಾಗಿಲ ಕಡೆ ತಿರುಗಿ ತುಟಿ ಆಡಿಸಿದೆ. ಒಂದು ಗಳಿಗೆ. ಆಮೇಲೆ ಇಡೀ ಪಡಸಾಲೆಗೆ ಕೇಳುವಂತೆ ಅತ್ತೆಯ ದನಿ ಬಂತು:

"ರೋಜಿ ಅನ್ನೂ ನಾಯಿ ಆಕಿ ಚಪ್ಪಲಿ ತಿಂದೈತಂತ! ರೋಜಿ! ಇದ ಏನ ಬೇ ನಿಮ್ಮ ಫಾರಿನ್ ಪರೀಕ್ಷಾ?"

ಸಾಂತ್ವನ ಹೇಳಲು ಬಂದವರೆಲ್ಲ ಒಮ್ಮೆಲೇ ನಕ್ಕರು. "ರೋಜಿ" ಎಂಬುದನ್ನು ಕೇಳಿಸಿಕೊಂಡ ಬೆಳ್ಳಿಗೂದಲಿನವಳು ಕುರ್ಚಿಯಿಂದ ಎದ್ದೇಬಿಟ್ಟಳು. ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದಳು. ಅವಳ ಹಿಂದೆಲ್ಲೋ ಒಂದು ನಾಯಿ ಬೊಗಳಿತು. ಅದೇ ರೋಜಿ ಇರಬೇಕು. ಆಮೇಲೆ ಒಬ್ಬೊಬ್ಬರೂ ಒಂದೊಂದು ಗುಟ್ಟು ಬರೆದು ಕಳಿಸಿದರು, ಅತ್ತೆ ಒಂದೊಂದನ್ನೂ ಟೀಕೆ ಸಮೇತ ಬಯಲು ಮಾಡಿದರು. ಕೊನೆಯಲ್ಲಿ ಪರೀಕ್ಷಕರು ಹೇಳಿದ್ದು ಇಷ್ಟು: ತುಟಿಮಾತು ಚೆನ್ನಾಗಿದೆ. ಆದರೆ ನೀವು ಪಾಸಾದದ್ದು ಕ್ಯಾಮೆರಾ ತಿರುಗಿಸದೆ ಕುಳಿತಾಗಲೇ.

ಪ್ರಮಾಣಪತ್ರ ಕೊರಿಯರ್‌ನಲ್ಲಿ ಬಂತು. ಲಕೋಟೆ ಒಡೆಯಲು ಡಾಕ್ಟರ್ ಶೈಲಜಾ ಬಿಡಲಿಲ್ಲ. ಜಮಖಂಡಿಯಲ್ಲಿ ಎಳೆಯ ನರ್ಸುಗಳನ್ನೆಲ್ಲ ಒಂದು ಹಾಲಿನಲ್ಲಿ ಸೇರಿಸಿ, ಹೂವು, ಶಾಲು, ಮೈಕು ಎಲ್ಲ ತಂದರು. ಯಾರ ಕೈಯಿಂದ ಕೊಡಿಸೋಣ ಎಂದು ಕೇಳಿದರು. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ಇಳಕಲ್ ಸೀರೆಯ ಸೆರಗು ತಲೆಗೆ ಹೊದ್ದು, ಯಾರ ಕೈಯನ್ನೂ ಹಿಡಿಯದೆ ವೇದಿಕೆ ಹತ್ತಿದರು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, ನೇಯ್ಗೆ ನೋಡುವವರ ಹಾಗೆ ಬೆಳಕಿಗೆ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ನನ್ನ ಕೈಯಲ್ಲಿಟ್ಟರು. ಚಪ್ಪಾಳೆ ನಿಲ್ಲುವ ತನಕ ಕಾದು, ಮೈಕನ್ನು ತಮ್ಮ ಕಡೆ ಎಳೆದುಕೊಂಡು, ಕಿವಿ ಮಂದವಾದವರಿಗೂ ಕೇಳುವಂತೆ ಹೇಳಿದರು:

"ರೋಗಿನ್ನ ಕೇಳದ ಏನೂ ಮಾಡಬಾರದು ಅಂತ ಓದಿ ಪಾಸಾಗೀದಿ. ಛಲೋ ಆತು. ನನಗ ಶುಗರ್ ಐತಿ ಅನ್ನೂದು ಖರೆ. ಆದ್ರ ನಾಳಿಯಿಂದ ನನ್ನ ಕೇಳದ ನನ್ನ ಚಹಾದಾಗಿನ ಸಕ್ಕರಿ ಕಡಿಮಿ ಮಾಡಿ ನೋಡು, ಆ ಮಾಸ್ತರಗ ಫೋನ್ ಹಚ್ಚತೇನಿ."